ಕತ್ತು ಬಗ್ಗಿಸಬೇಡಿ

“ಅದ್ನ ಬಿಚ್ಚಿಟ್ಬುಡಿ ಸಾರ್.”

ನರ್ಸ್ ಐಶ್ವರ್ಯ ಬೆರಳು ಮಾಡಿ ತೋರಿಸಿದ್ದು ಗೌರೀಶನ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು. ಅಂಗಿ, ಬನಿಯನ್ನು, ಕೈಗಡಿಯಾರ ಎಲ್ಲ ಬಿಚ್ಚಿ ಆಗಿತ್ತು. ಕತ್ತಿನ ಹಿಂದಿನ ಒಂದು ಗಂಟು ತೆಗೆಸಿಕೊಳ್ಳಲು ಮನುಷ್ಯ ಇಷ್ಟೆಲ್ಲ ಬಿಚ್ಚಬೇಕಾಗುತ್ತದೆ ಎಂದು ಅವನಿಗೆ ಯಾರೂ ಮೊದಲೇ ಹೇಳಿರಲಿಲ್ಲ.

“ಇರಲಿ ಬಿಡಮ್ಮ. ಮುಂದಕ್ಕೆ ಎಳ್ಕೋತೀನಿ.”

“ದಾರ ಸರ್ಯಾಗಿ ಗಂಟಿನ್ ಮ್ಯಾಲೇ ಬತ್ತದಲ್ಲ ಸಾರ್. ಡಾಕ್ಟ್ರು ನನ್ನ ಬೈತಾರೆ.”

ಗೌರೀಶ ಕರಡಿಗೆಯನ್ನು ತೆಗೆದು ಮಡಿಸಿದ ಅಂಗಿಯ ಕೆಳಗೆ ತೂರಿಸಲು ನೋಡಿದ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅವನ ತಂದೆ ಗಂಗಾಧರಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು.

“ಎಲ್ಲಿಡ್ತಿದ್ದೀಯ? ಕಂಡೋರು ಮಲಗೆದ್ದ ಜಾಗ ಅದು. ಇಲ್ಲಿ ಕೊಡು.”

“ಅಪ್ಪಾಜಿ, ಹತ್ತು ನಿಮಿಷದ ಕೆಲಸ.”

“ಹತ್ತೇ ನಿಮಿಷ ಆಗ್ಲಿ. ಲಿಂಗ ಮೈಮ್ಯಾಲಿರ್ಬೇಕು. ನಿನ್ನ ಮೈಮ್ಯಾಲಲ್ಲದಿದ್ರೆ ನನ್ನ ಮೈಮ್ಯಾಲೆ.”

ಅವರು ಕಣ್ಣಿಗೊತ್ತಿಕೊಂಡು ದಾರವನ್ನು ತಮ್ಮ ಕೊರಳಿಗೆ ಹಾಕಿಕೊಂಡರು. ಈಗ ಅವರ ಎದೆಯ ಮೇಲೆ ಎರಡು ಕರಡಿಗೆಗಳು. ಒಂದು ಹಳೆಯದು, ಅಂಚೆಲ್ಲ ಸವೆದದ್ದು. ಇನ್ನೊಂದು ಮದುವೆಯಲ್ಲಿ ಗೌರೀಶನಿಗೆ ಹೆಣ್ಣಿನ ಮನೆಯವರು ಕೊಟ್ಟದ್ದು, ಇನ್ನೂ ಫಳಫಳ ಹೊಳೆಯುತ್ತಿತ್ತು. ಹಳೆಯದರೊಳಗೆ ಲಿಂಗವಿತ್ತು. ಹೊಳೆಯುವುದರೊಳಗೆ ಒಂದು ಗೋಟಡಿಕೆ ಇತ್ತು.

ಈ ಎರಡನೆಯ ಸಂಗತಿ ಲೋಕದಲ್ಲಿ ಗೌರೀಶನೊಬ್ಬನಿಗೆ ಮಾತ್ರ ಗೊತ್ತಿತ್ತು.

“ಬೋರಲಾಗಿ ಮಲಗಿ ಸಾರ್,” ಎಂದಳು ಐಶ್ವರ್ಯ. ಅವನು ಮಲಗಿದ. ಬಾಗಿಲು ಮುಚ್ಚಿಕೊಂಡಿತು. ಆಚೆ ಬದಿಯಲ್ಲಿ ಅಡಿಕೆ ತಂದೆಯ ಎದೆಯ ಮೇಲೆ ಲೊಟಕ್ ಎಂದು ಸದ್ದು ಮಾಡಿ ದೂರವಾಯಿತು.

ಡಾಕ್ಟರ್ ಕಾಂತರಾಜ್‌ಗೆ ಬಾಯಿ ಸುಮ್ಮನಿರುವುದಿಲ್ಲ. ಸೂಜಿ ಚುಚ್ಚುತ್ತಲೇ ಶುರು ಮಾಡಿದರು. “ಮೊನ್ನೆ ನಿಮ್ಮ ಉಪನ್ಯಾಸ ಕೇಳಿದೆ ಸರ್. ತುಂಬಾ ಚೆನ್ನಾಗಿತ್ತು. ಕುರುಹು ಬೇರೆ, ಅರಿವು ಬೇರೆ ಅಂದ್ರಲ್ಲ, ಅದು. ನೋವಾಗ್ತಿದೆಯಾ?”

“ಇಲ್ಲ.”

“ಆಗಲ್ಲ. ಮರಗಟ್ಟಿದೆ.”

ಗೌರೀಶ ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ. ಅದು ಸಂಬಳಕ್ಕೆ. ಹೆಸರಿಗೆ ಅವನು ಶರಣರ ಬಗ್ಗೆ ಉಪನ್ಯಾಸ ಕೊಡುತ್ತಿದ್ದ. ಪಿರಿಯಾಪಟ್ಟಣದಿಂದ ಸರಗೂರಿನ ತನಕ ಎಲ್ಲಿ ಶಾಮಿಯಾನ ಹಾಕಿದರೂ ಅವನಿಗೊಂದು ಕುರ್ಚಿ ಇರುತ್ತಿತ್ತು. ಲಿಂಗವೆಂದರೆ ಕಲ್ಲಲ್ಲ, ನಮ್ಮೊಳಗಿನ ಅರಿವಿನ ಗುರುತು. ಗುರುತನ್ನು ಹಿಡಿದು ಅರಿವನ್ನು ಬಿಟ್ಟವನು ಖಾಲಿ ಪೆಟ್ಟಿಗೆ ಹೊತ್ತು ತಿರುಗುವವನು. ಈ ಮಾತಿಗೆ ಪ್ರತಿ ಸಲವೂ ಚಪ್ಪಾಳೆ ಬೀಳುತ್ತಿತ್ತು. ಕೊನೆಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಬುಟ್ಟಿಯ ಸೇಬುಗಳ ಮೇಲಿನ ಸ್ಟಿಕರು ಕೀಳುವುದು ಮನೆಯಲ್ಲಿ ಅವನ ಹೆಂಡತಿ ಪೂಜಾಳ ಕೆಲಸ.

ಖಾಲಿ ಪೆಟ್ಟಿಗೆಯ ಮಾತು ಬಂದಾಗ ಅವನ ಕೈ ತನಗೆ ತಾನೇ ಎದೆಯ ಮೇಲೆ ಹೋಗುತ್ತಿತ್ತು. ಜನ ಅದನ್ನು ಭಕ್ತಿ ಎಂದುಕೊಂಡಿದ್ದರು.

ಲಿಂಗ ಕಳೆದದ್ದು ಯಾವಾಗ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಬಾವಿಗೆ ಬಿತ್ತು, ಹೊಳೆಯಲ್ಲಿ ಕೊಚ್ಚಿಕೊಂಡು ಹೋಯಿತು ಎಂದಾದರೂ ಇದ್ದಿದ್ದರೆ ದುಃಖಪಡಲು ಒಂದು ದಿನ, ಒಂದು ಜಾಗ ಇರುತ್ತಿತ್ತು. ಮದುವೆಯ ಹಿಂದಿನ ದಿನ ಛತ್ರದ ಕೋಣೆಯಲ್ಲಿ, ನಿನ್ನ ಹಳೆಯ ಕರಡಿಗೆಯಿಂದ ಹೊಸದಕ್ಕೆ ಲಿಂಗವನ್ನು ಬದಲಾಯಿಸಿಕೊ ಎಂದು ತಂದೆ ಹೇಳಿದಾಗ ಮುಚ್ಚಳ ತೆಗೆದ. ಒಳಗೆ ಏನೂ ಇರಲಿಲ್ಲ. ಕಪ್ಪಗಾದ ಒಂದು ಚಿಂದಿ ಬಟ್ಟೆ ಇತ್ತು. ಎಂ.ಎ. ಓದುವಾಗಲೋ, ಅದಕ್ಕೂ ಮೊದಲೋ, ಯಾವ ಹಾಸ್ಟೆಲಿನ ಯಾವ ಬಚ್ಚಲಲ್ಲೋ. ಅಷ್ಟು ವರ್ಷ ಅವನು ತೆರೆದು ನೋಡಿರಲೇ ಇಲ್ಲ. ಹೊರಗೆ ವಾಲಗದವರು ಶ್ರುತಿ ಕೂಡಿಸಿಕೊಳ್ಳುತ್ತಿದ್ದರು. ತಾಂಬೂಲದ ತಟ್ಟೆಯಲ್ಲಿ ಗೋಟಡಿಕೆಗಳಿದ್ದವು. ತಳ ಚಪ್ಪಟೆ, ತಲೆ ಗುಂಡಗೆ, ಬಣ್ಣವೂ ಹೆಚ್ಚುಕಡಿಮೆ ಅದೇ. ಅವನು ಒಂದನ್ನು ಆರಿಸಿದ.

ಬೇರೊಂದು ಲಿಂಗ ಕಟ್ಟಿಸಿಕೊಳ್ಳಬಹುದಿತ್ತು. ಅದಕ್ಕೆ ಮಠಕ್ಕೆ ಹೋಗಬೇಕು, ಸ್ವಾಮಿಗಳ ಮುಂದೆ ಬಾಯಿ ಬಿಡಬೇಕು. ಸ್ವಾಮಿಗಳು ಸಂಜೆಯೊಳಗೆ ಫೋನು ಮಾಡಿ ಗಂಗಾಧರಪ್ಪನವರಿಗೆ ಸಮಾಧಾನ ಹೇಳುತ್ತಿದ್ದರು. ಗಂಗಾಧರಪ್ಪನವರು ಸಮಾಧಾನವಾಗುವ ಪೈಕಿ ಅಲ್ಲ. ಗಾವಡಗೆರೆಯಲ್ಲಿದ್ದ ಅವರ ತಾತ ಒಮ್ಮೆ ಹೊಳೆ ದಾಟುವಾಗ ಲಿಂಗ ಕಳೆದುಕೊಂಡು, ಸಿಗುವ ತನಕ ನೀರು ಮುಟ್ಟದೆ ಮರಳಿನ ಮೇಲೆ ಕೂತಿದ್ದರಂತೆ. ಸಿಗದಿದ್ದರೆ ಅಲ್ಲೇ ಪ್ರಾಣ ಬಿಡುವುದೆಂದು ಮನೆಯವರೂ ಒಪ್ಪಿಕೊಂಡು ಸುತ್ತ ಕೂತಿದ್ದರಂತೆ. ದಿನಸಿ ಅಂಗಡಿ ನಡೆಸಿದಷ್ಟು ಕಾಲವೂ ಗಂಗಾಧರಪ್ಪನವರು ಬೇಳೆ ತೂಗುತ್ತ ಈ ಕತೆ ಹೇಳಿದ್ದಾರೆ. ಹೇಳಿ ಮುಗಿಸುವಾಗ ಇನ್ನೊಂದು ಮಾತು ಸೇರಿಸುತ್ತಿದ್ದರು: “ನನ್ ಮಗ ಓದ್ಕೊಂಡೋನು ನಿಜ. ಆದ್ರೆ ಲಿಂಗ ಬುಟ್ಟಿಲ್ಲ ನೋಡಿ.”

ಗೌರೀಶನ ಪದವಿ, ಪುಸ್ತಕ, ಪೇಟಗಳ ಬಗ್ಗೆ ಅವರಿಗೆ ಅಂಥ ಅಭಿಪ್ರಾಯವೇನೂ ಇರಲಿಲ್ಲ. ಮಗನಲ್ಲಿ ಅವರು ಮೆಚ್ಚಿದ್ದು ಇದೊಂದನ್ನೇ.

“ನೋಡ್ತೀರಾ ಸರ್?” ಡಾಕ್ಟರು ಇಕ್ಕಳದಲ್ಲಿ ಹಿಡಿದದ್ದನ್ನು ಅವನ ಕಣ್ಣಿನ ಮುಂದೆ ತಂದರು. ಹಳದಿ, ಮೆತ್ತಗೆ, ಒಂದು ಅಡಿಕೆಯಷ್ಟು. ಗೌರೀಶನಿಗೆ ಬೇರೆ ಹೋಲಿಕೆ ಹೊಳೆಯಲಿಲ್ಲ.

“ಏನಿದೆ ಇದರೊಳಗೆ?”

“ಏನೂ ಇಲ್ಲ. ಬರೀ ಕೊಬ್ಬು. ನಾಲ್ಕು ಹೊಲಿಗೆ ಹಾಕಿದ್ದೀನಿ, ನೀರು ಬೀಳಬಾರದು. ಮುಖ್ಯವಾಗಿ ಕತ್ತು ಬಗ್ಗಿಸಬೇಡಿ. ಹೊಲಿಗೆ ಬಿಟ್ಟುಕೊಂಡ್ರೆ ಕಷ್ಟ.”

“ಸಿನಿಮಾ ನೋಡ್ಬೋದಾ ಡಾಕ್ಟ್ರೆ?” ಎಂದಳು ಬಾಗಿಲು ಸರಿಸಿ ತಲೆ ಹಾಕಿದ ಪೂಜಾ.

“ಧಾರಾಳವಾಗಿ. ಅದಕ್ಕೆ ಕತ್ತು ಎತ್ತಬೇಕು ತಾನೆ?”

ಪೂಜಾ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಮನುಷ್ಯ ರೆಕ್ಕೆಯಿಲ್ಲದೆ ಯಾಕೆ ಹಾರಲಾರ ಎಂದು ವಾರವಿಡೀ ಮಕ್ಕಳಿಗೆ ವಿವರಿಸಿ, ರಜೆ ಬಂದರೆ ಹಾರುವವರ ಸಿನಿಮಾ ನೋಡುತ್ತಿದ್ದಳು. ಹೊಸ ಸಿನಿಮಾ ಊರಿಗೆ ಬಂದಿತ್ತು. ಗಂಟಿನ ದಿನ ಗೊತ್ತಾಗುವ ಮುಂಚೆಯೇ ಮ್ಯಾಟ್ನಿಗೆ ಮೂರು ಟಿಕೆಟ್ ತೆಗೆದಿಟ್ಟಿದ್ದಳು. ಗಂಡನ ಗಂಟಿಗಾಗಿ ಅದನ್ನು ಬಿಡುವ ಪ್ರಶ್ನೆ ಬರಲಿಲ್ಲ. ಮೂರನೆಯ ಟಿಕೆಟ್ ಮಾವನಿಗೆ. ಅಂಗಡಿ ಮುಚ್ಚಿದ ಮೇಲೆ ಗಂಗಾಧರಪ್ಪನವರು ಯಾರು ಎಲ್ಲಿಗೆ ಕರೆದರೂ ಹೊರಡುತ್ತಿದ್ದರು.

ಅಂಗಿ ತೊಟ್ಟು ಹೊರಗೆ ಬಂದ ಗೌರೀಶ ಕೈ ಚಾಚಿದ. “ಕೊಡಿ ಅಪ್ಪಾಜಿ.”

“ಏನ?”

“ಲಿಂಗ.”

“ಆಸ್ಪತ್ರೆ ಮೈಲಿಗೆ. ಸಂಜೆ ಮನೇಗೋಗಿ ನೀನು ಮೈ ಒರೆಸ್ಕೊ. ನಾನು ಎರಡ್ನೂ ತೊಳೆದು ಪೂಜೆ ಮಾಡಿ ನಿಂಗೆ ಕಟ್ತೀನಿ.”

ಗೌರೀಶನಿಗೆ ಭಯವಾಯಿತು. ತೊಳೆಯುವುದೆಂದರೆ ಮುಚ್ಚಳ ತೆಗೆಯುವುದು. ತಂದೆಯ ಕಣ್ಣಿನ ಪೊರೆಯನ್ನು ಹೋದ ವರ್ಷವಷ್ಟೇ ತೆಗೆಸಲಾಗಿತ್ತು; ಈಗ ಪೂಜಾಳ ಸೂಜಿಗೆ ದಾರ ಪೋಣಿಸಿಕೊಡುವವರು ಅವರೇ. ಆ ಆಪರೇಷನ್ನಿಗೆ ಮುತುವರ್ಜಿ ವಹಿಸಿ ಓಡಾಡಿದವನು ಗೌರೀಶ.

ಅವನು ವಿದ್ವತ್ತಿನ ಮೊರೆ ಹೋದ. “ಅಪ್ಪಾಜಿ, ಲಿಂಗ ಕಟ್ಟಿದವನಿಗೆ ಮೈಲಿಗೆ ಇಲ್ಲ ಅಂತ ಶರಣರು ಹೇಳಿದ್ದಾರೆ.”

“ಹೇಳವ್ರೆ. ಕಟ್ಟಿದೋನಿಗೆ ಅಂತ ಹೇಳವ್ರೆ. ಈಗ ನಿನ್ನ ಮೈಮ್ಯಾಲೆ ಎಲ್ಲದೆ?”

ನಲವತ್ತು ನಿಮಿಷ ನಿರರ್ಗಳ ಮಾತನಾಡುವವನು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಪೂಜಾ ಆಟೋ ನಿಲ್ಲಿಸಿ ಕರೆದಳು.

ಟಾಕೀಸಿನಲ್ಲಿ ಅವನಿಗೂ ಪೂಜಾಳಿಗೂ ಮಧ್ಯೆ ತಂದೆ ಕೂತರು. ಫ್ಯಾನಿನ ಗಾಳಿಗೆ ಜುಬ್ಬದ ಗುಂಡಿ ಬಿಚ್ಚಿಕೊಂಡರು. ಪರದೆಯ ಬೆಳಕು ಬದಲಾದಂತೆಲ್ಲ ಹೊಸ ಕರಡಿಗೆ ಒಮ್ಮೆ ನೀಲಿ, ಒಮ್ಮೆ ಕೆಂಪಾಗಿ ಹೊಳೆಯಿತು. ಗೌರೀಶ ಅದನ್ನು ನೋಡಲು ಕಣ್ಣನ್ನಷ್ಟೇ ಹೊರಳಿಸಬೇಕಾಗಿತ್ತು. ಕತ್ತು ಬಿಗಿಯಾಗಿ ನಿಂತುಬಿಟ್ಟಿತ್ತು. ಹಿಂದಿನ ಸಾಲಿನವರಿಗೆ ಅವನು ಸಿನಿಮಾವನ್ನು ಬಹಳ ಗೌರವದಿಂದ ನೋಡುತ್ತಿರುವಂತೆ ಕಂಡಿರಬೇಕು.

ಸಿನಿಮಾದ ವೀರ ಮೊದಲು ಗ್ಯಾರೇಜಿನಲ್ಲಿ ಕೆಲಸ ಮಾಡಿಕೊಂಡು ಎಲ್ಲರಿಂದ ಒದೆ ತಿನ್ನುತ್ತಿದ್ದ. ಸಾಯುವ ಮುನ್ನ ಅವನ ತಾತ ಕೊರಳಿಗೆ ಒಂದು ಕಲ್ಲು ಕಟ್ಟಿದ. ಕಟ್ಟಿದ್ದೇ ತಡ, ಹುಡುಗ ಹಾರತೊಡಗಿದ. ಬಸ್ಸುಗಳನ್ನು ಎತ್ತಿದ. ಸೇತುವೆಯೊಂದನ್ನು ಭುಜದ ಮೇಲೆ ಹಿಡಿದು, ಅದರ ಮೇಲಿದ್ದ ಹುಡುಗಿಯೊಬ್ಬಳನ್ನು ನೋಡಿ ನಕ್ಕ. ಮುಂದಿನ ಸಾಲಿನವರು ಶಿಳ್ಳೆ ಹಾಕಿದರು.

“ಆ ಕಲ್ಲು ಆವಾಗ್ಲೆ ಎಡಕ್ಕಿತ್ತು, ಈಗ ಬಲಕ್ಕದೆ,” ಎಂದರು ಗಂಗಾಧರಪ್ಪ.

“ಅಷ್ಟೆಲ್ಲ ಯಾರು ನೋಡ್ತಾರೆ ಮಾವ,” ಎಂದಳು ಪೂಜಾ.

“ನಾನು ನೋಡ್ದೆ.”

ಗೌರೀಶ ಆ ಮಾತನ್ನು ಕೇಳಿಸಿಕೊಂಡ.

ಇಂಟರ್ವಲ್ಲಿನಲ್ಲಿ ಪೂಜಾ ಪಾಪ್‌ಕಾರ್ನ್ ತರಲು ಹೋದಳು. ಇದೇ ಸಮಯವೆಂದು ಅವನು ಗಂಟಲು ಸರಿ ಮಾಡಿಕೊಂಡ. ಹೇಳಿಬಿಡುವುದೇ ಒಳ್ಳೆಯದೆಂದು ಒಂದು ಕ್ಷಣ ಅನ್ನಿಸಿತು. ಅಪ್ಪಾಜಿ, ಅದರೊಳಗೆ ಲಿಂಗವಿಲ್ಲ. ಮೂರೇ ಮಾತು. ಇಷ್ಟು ಚಿಕ್ಕ ಭಾಷಣವನ್ನು ಅವನು ಜೀವನದಲ್ಲಿ ಮಾಡಿರಲಿಲ್ಲ.

“ಅಪ್ಪಾಜಿ.”

“ಊಂ.”

“ಎರಡೆರಡು ಹಾಕ್ಕೊಂಡು ಭಾರ ಆಗ್ತಿರ್ಬೇಕು ನಿಮಗೆ.”

“ಭಾರ ಏನಿಲ್ಲ ಬುಡು.” ತಂದೆ ಹೊಸ ಕರಡಿಗೆಯನ್ನು ಅಂಗೈಯಲ್ಲಿ ಎತ್ತಿ ನೋಡಿಕೊಂಡರು. “ಬೋ ಹಗೂರ. ಒಳಗೇನೋ ಲೊಟಗುಟ್ತದೆ ಕಣ.”

“ಕೀಲು ಸಡಿಲ ಆಗಿದೆ.”

ಇದು ತಯಾರಿದ್ದ ಉತ್ತರ. ಮದುವೆಯಾದ ಹೊಸತರಲ್ಲಿ ಪೂಜಾ ಕೇಳಿದಾಗಲೂ ಇದನ್ನೇ ಹೇಳಿದ್ದ. ಆಮೇಲೆ ಅವಳು ಕೇಳಿರಲಿಲ್ಲ. ಲೊಟಗುಟ್ಟುವ ಗಂಡನಿಗೆ ಹೊಂದಿಕೊಂಡುಬಿಟ್ಟಿದ್ದಳು.

“ಕೀಲಾ?” ಎಂದರು ತಂದೆ. ಪರದೆಯ ಮೇಲೆ ಅಡುಗೆ ಎಣ್ಣೆಯ ಜಾಹೀರಾತು ನಡೆಯುತ್ತಿತ್ತು. ಅದನ್ನು ಪೂರ್ತಿ ನೋಡಿದ ಮೇಲೆ, “ಇರಬೋದು,” ಎಂದರು.

ಇಂಟರ್ವಲ್ ಆದ ಮೇಲೆ ಖಳನಾಯಕ ಆ ಕಲ್ಲನ್ನು ಕದ್ದ. ವೀರ ಮೇಲಿನಿಂದ ಬಿದ್ದ, ಮತ್ತೆ ಒದೆ ತಿಂದ, ಮಳೆಯಲ್ಲಿ ಮಂಡಿಯೂರಿ ಅತ್ತ. ಆಗ ಸತ್ತ ತಾತ ಮೋಡದೊಳಗೆ ಕಾಣಿಸಿಕೊಂಡು ಹೇಳಿದ: ಅದು ಹೊಳೆದಂಡೆಯಲ್ಲಿ ಸಿಕ್ಕ ಬರೀ ಕಲ್ಲು ಮಗನೇ, ಶಕ್ತಿ ಇರುವುದು ನಿನ್ನೊಳಗೆ. ವೀರ ಕಣ್ಣೊರೆಸಿಕೊಂಡು ಹಾರಿದ. ಇಡೀ ಟಾಕೀಸು ಎದ್ದು ನಿಂತಿತು.

ಗೌರೀಶನಿಗೆ ತನ್ನ ಉಪನ್ಯಾಸವನ್ನು ಯಾರೋ ಕದ್ದು, ಕೋಟಿಗಟ್ಟಲೆ ಸುರಿದು, ಹಾಡು ಹಾಕಿದಂತಾಯಿತು. ಅಸೂಯೆಯ ಹಿಂದೆಯೇ ಒಂದು ಆಸೆ ಬಂತು. ತಂದೆ ಇದನ್ನು ನೋಡುತ್ತಿದ್ದಾರೆ. ಕಲ್ಲು ಬರೀ ಕಲ್ಲು ಎಂದು ಸ್ವತಃ ತಾತನೇ ಹೇಳಿದ್ದಾನೆ. ಮಗ ಹೇಳಿದರೆ ನಾಟದ್ದು ಸಿನಿಮಾ ಹೇಳಿದರೆ ನಾಟಬಹುದು. ಡಾಕ್ಟರೇಟ್ ಪಡೆದವನೊಬ್ಬ ತನ್ನ ಮಾನವನ್ನು ನೀಲಿ ಚಡ್ಡಿ ತೊಟ್ಟು ಹಾರುವವನ ಕೈಗೆ ಒಪ್ಪಿಸಿ ಕೂತಿದ್ದ.

“ಬರೀ ಕಲ್ಲು ಅಂತ ಗೊತ್ತಿದ್ಮ್ಯಾಲೆ ಆ ಮುದುಕ ಯಾಕೆ ಕಟ್ದ?” ಹೊರಗೆ ಬರುವಾಗ ಗಂಗಾಧರಪ್ಪ ಕೇಳಿದರು. “ಮೊದ್ಲೇ ಹೇಳ್ಬೋದಿತ್ತು.”

“ಹೇಳ್ಬಿಟ್ರೆ ಸಿನಿಮಾ ಅಲ್ಲಿಗೇ ಮುಗೀತಿತ್ತಲ್ಲ ಮಾವ,” ಎಂದಳು ಪೂಜಾ.

“ಅದೂ ಸರಿ ಅನ್ನು.” ಸ್ವಲ್ಪ ದೂರ ನಡೆದು ಅವರೇ ಮುಂದುವರಿಸಿದರು. “ಕಾಣೆ ಕಣವ್ವ. ಕಟ್ಟಿದ್ದು ಕಲ್ಲಾದ್ರೂ ಕಟ್ಟಿದ್ದು ತಾತ ಅಲ್ವ.”

ಸಂತೆಯ ಜನ ಬಸ್‌ಸ್ಟ್ಯಾಂಡಿನ ಕಡೆ ಹೋಗುತ್ತಿದ್ದರು. ಗುರುಪುರದ ಟಿಬೆಟ್ ನಿರಾಶ್ರಿತರ ಕ್ಯಾಂಪಿನ ಮುದುಕಿಯೊಬ್ಬಳು ಜಪಮಣಿ ಎಣಿಸುತ್ತ ಸ್ವೆಟರಿನ ಗಂಟು ಹೊತ್ತುಕೊಂಡು ರಸ್ತೆ ದಾಟಿದಳು. ಎಲ್ಲರ ಬಳಿಯೂ ಹಿಡಿದುಕೊಳ್ಳಲು ಏನೋ ಒಂದು ಇತ್ತು. ಗೌರೀಶ ಬರಿಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು, ತಲೆ ನೆಟ್ಟಗೆ ಇಟ್ಟುಕೊಂಡು ನಡೆದ. ಎದುರಾದ ಕಾಲೇಜಿನ ವಿದ್ಯಾರ್ಥಿಗಳು ನಮಸ್ಕಾರ ಹೇಳಿದರು. ಅವನು ತಲೆ ಬಾಗಿಸದೆ ಮುಂದೆ ಹೋದ. ಮೇಷ್ಟ್ರಿಗೆ ಸೊಕ್ಕು ಬಂತೆಂದು ಅವರಂದುಕೊಂಡದ್ದು ಅವರ ಮುಖದಲ್ಲೇ ಕಂಡಿತು.

ಮನೆಗೆ ಬಂದವರೇ ಗಂಗಾಧರಪ್ಪ ಸ್ನಾನ ಮಾಡಿ ಮಡಿಯುಟ್ಟು ದೇವರ ಮನೆಗೆ ಹೋದರು. ಗೌರೀಶ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಬಂದು ಬಾಗಿಲ ಹತ್ತಿರ ನಿಂತ. ಮರಗಟ್ಟಿದ್ದು ಬಿಡುತ್ತಿತ್ತು. ಕತ್ತಿನ ಹಿಂದೆ ಹೊಲಿಗೆ ಒಂದೊಂದಾಗಿ ಎಚ್ಚರವಾಗುತ್ತಿತ್ತು.

ತಂದೆಯ ಬೆನ್ನು ಮಾತ್ರ ಕಾಣುತ್ತಿತ್ತು. ಮೂಳೆ ಎದ್ದ, ವಿಭೂತಿ ಬಳಿದ ಬೆನ್ನು. ಅವರು ಮೊದಲು ತಮ್ಮ ಕರಡಿಗೆ ತೆರೆದರು. ಎಡದ ಅಂಗೈ ಮುಂದಕ್ಕೆ ಹೋಯಿತು, ನೀರು ಬಿದ್ದ ಸದ್ದಾಯಿತು. ಪತ್ರೆ ಏರಿಸಿದರು, ಬಾಯಲ್ಲಿ ಮಂತ್ರ ಬರುತ್ತಿತ್ತು. ಆಮೇಲೆ ಹೊಸ ಕರಡಿಗೆಯನ್ನು ತೆಗೆದುಕೊಂಡರು.

ಈಗಲೂ ಒಳಗೆ ಹೋಗಬಹುದಿತ್ತು. ಎರಡು ಹೆಜ್ಜೆ. ಗೌರೀಶ ನಿಂತಲ್ಲೇ ನಿಂತಿದ್ದ.

ಮುಚ್ಚಳ ಟಿಕ್ ಎಂದಿತು. ಮಂತ್ರ ನಿಂತಿತು.

ಮನೆಯಲ್ಲಿ ಕುಕ್ಕರಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ತಂದೆಯ ಬೆನ್ನು ಅಲುಗಲಿಲ್ಲ. ಬೈಗುಳ ಬರುತ್ತದೆಂದು ಅವನು ಕಾದ. ಅಳು ಬರಬಹುದೆಂದು ಕಾದ. ತಿರುಗಿ ನೋಡುತ್ತಾರೆಂದು ಹೆದರಿದ. ತಿರುಗಿ ನೋಡಲಿ ಎಂದೂ ಅವನಿಗೆ ಅನ್ನಿಸಿತು. ಕುಕ್ಕರು ಕೂಗಿ ಸುಮ್ಮನಾಯಿತು.

“ಪೂಜಾ,” ಎಂದರು ಗಂಗಾಧರಪ್ಪ. ಧ್ವನಿ ಎಂದಿನಂತೆಯೇ ಇತ್ತು. “ಇನ್ನೊಂದ್ ಚೂರು ನೀರು ಕೊಡವ್ವ. ಒಂದು ಮಡಿಬಟ್ಟೆ ಚೂರೂ ತಾ.”

ಅವಳು ಎರಡನ್ನೂ ಒಳಗಿಟ್ಟು ಬಂದಳು. ಮಂತ್ರ ಮತ್ತೆ ಶುರುವಾಯಿತು. ಬೆನ್ನಿನ ಆಚೆ ಕೈಗಳು ಏನು ಮಾಡುತ್ತಿದ್ದವೋ ಕಾಣಲಿಲ್ಲ. ಬಟ್ಟೆ ಸುತ್ತುವಂಥ ಚಲನೆ. ಒಂದು ಮುಚ್ಚಳ ಹಾಕಿಕೊಂಡಿತು. ಬಹಳ ಹೊತ್ತಾದ ಮೇಲೆ ಇನ್ನೊಂದು.

“ಬಾ ಇಲ್ಲಿ.”

ಅವನು ಹೋದ. ತಂದೆ ಎದ್ದು ನಿಂತು ಶಿವದಾರವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು.

“ತಲೆ ಬಗ್ಗ್ಸು.”

“ಬಗ್ಗಿಸೋ ಹಾಗಿಲ್ಲ ಅಪ್ಪಾಜಿ. ಡಾಕ್ಟ್ರು...”

“ಬ್ಯಾಡ ಬುಡು. ನಾನೇ ಎತ್ತರ ಆಯ್ತೀನಿ.”

ಅವರು ತುದಿಗಾಲಲ್ಲಿ ನಿಂತು, ಬ್ಯಾಂಡೇಜಿಗೆ ತಗುಲದಂತೆ ಹುಷಾರಾಗಿ ದಾರ ಹಾಕಿದರು. ಅವರ ಉಸಿರು ಅವನ ಮುಖಕ್ಕೆ ತಾಗಿತು. ಕಣ್ಣು ಮಾತ್ರ ಅವನ ಕಣ್ಣಿಗೆ ಬರಲಿಲ್ಲ. ಅವನ ಭುಜದಾಚೆ ಗೋಡೆಯ ಮೇಲೆಲ್ಲೋ ಇತ್ತು.

“ಗಟ್ಟಿಯಾಗಿ ಕೂರ್ಸಿದ್ದೀನಿ. ಇನ್ ಸಡಿಲ ಆಗಲ್ಲ.”

“ಅಪ್ಪಾಜಿ...”

“ಊಟಕ್ಕೆ ಬಾ.”

ಗಂಗಾಧರಪ್ಪ ಅಂಗವಸ್ತ್ರ ಸರಿಮಾಡಿಕೊಂಡು ಅಡುಗೆಮನೆಯ ಕಡೆ ಹೊರಟರು. ಅವರ ಎದೆಯ ಮೇಲೆ ಹಳೆಯ ಕರಡಿಗೆ ಒಂದೇ ಇತ್ತು. ಒಂದೊಂದು ಹೆಜ್ಜೆಗೂ ಅದು ಲೊಟಕ್ ಎಂದಿತು. ಲೊಟಕ್, ಲೊಟಕ್. ಜೀವಮಾನದಲ್ಲಿ ಆ ಕರಡಿಗೆ ಸದ್ದು ಮಾಡಿದ್ದನ್ನು ಗೌರೀಶ ಕೇಳಿರಲಿಲ್ಲ.

ಅವನು ಒಂದು ಹೆಜ್ಜೆ ಇಟ್ಟು ನೋಡಿದ. ತನ್ನ ಎದೆಯಿಂದ ಯಾವ ಸದ್ದೂ ಬರಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟ. ಇಲ್ಲ. ಭಾರ ಮಾತ್ರ ಇತ್ತು. ದಾರ ಬಿಗಿದು, ನೇರ ಹೊಲಿಗೆಯ ಮೇಲೆ ಕೂತು, ಕತ್ತನ್ನು ಕೆಳಕ್ಕೆ ಎಳೆಯುತ್ತಿತ್ತು.

“ಏನ್ ಮಾವ ಅದು ಸದ್ದು?” ಒಳಗೆ ಪೂಜಾ ಕೇಳುತ್ತಿದ್ದಳು.

“ಕೀಲು ಕಣವ್ವ. ಸಡಿಲ ಆಗದೆ.”

ತಟ್ಟೆ ಇಟ್ಟ ಸದ್ದಾಯಿತು. ಪೂಜಾ ಅನ್ನ ಬಡಿಸಿದಳು. ಸಾರಿಗೆ ಉಪ್ಪು ಸಾಲದೆಂದು ತಂದೆ ಎಂದಿನಂತೆ ಹೇಳಿದರು.

ಗೌರೀಶ ಮುಚ್ಚಳದ ಮೇಲೆ ಬೆರಳಿಟ್ಟ. ತೆರೆಯಲು ಆಗಲಿಲ್ಲ. ಒಮ್ಮೆ ನೋಡಿಯಾದರೂ ಬಿಡೋಣವೆಂದು ಕಣ್ಣನ್ನು ಎಷ್ಟು ಇಳಿಸಿದರೂ ಅದು ತನ್ನದೇ ಮೂಗಿನ ತುದಿಯವರೆಗೆ ಹೋಗಿ ನಿಂತಿತು. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಅವನು ತಲೆಯನ್ನು ನೆಟ್ಟಗೆ ಹಿಡಿದುಕೊಂಡು ದೇವರ ಮನೆಯ ಬಾಗಿಲಲ್ಲಿ ನಿಂತೇ ಇದ್ದ.